ನಳಿಗೆಯ ಮೇಲೆ .315, ಕ್ಯಾಲಿಪರ್‌ನಲ್ಲಿ 8.2: ತೋಟಾದ ಅಳತೆಗಳನ್ನು ಓದುವುದು ಹೇಗೆ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯ ಕೃಷಿಕರು. ಅಜ್ಜನ ಕಾಲದಿಂದ ಮನೆಯಲ್ಲಿರುವ ರೈಫಲಿನ ನಳಿಗೆಯ ಮೇಲೆ .315 ಎಂದು ಕೊರೆದಿದೆ. ಹಿರಿಯರು ಅದನ್ನು ‘ಎಂಟು ಎಂಎಂ’ ಎಂದೇ ಕರೆಯುತ್ತಾರೆ. ಈ ಸಲ ಕೈಲ್ ಮುಹೂರ್ತಕ್ಕೆ ಕೋವಿ ಒರೆಸಿ ಎಣ್ಣೆ ಹಚ್ಚುವಾಗ, ಮಗನ ಡಿಜಿಟಲ್ ಕ್ಯಾಲಿಪರ್‌ನಿಂದ ತೋಟಾದ ಗುಂಡನ್ನು ಅಳೆದೆ; 8.2 ಮಿ.ಮೀ. ಬಂತು. ಅಜ್ಜ ಸೇನೆಯ ನೆನಪಿಗೆಂದು ಇಟ್ಟುಕೊಂಡಿದ್ದ, ಬದಿಯಲ್ಲಿ ತೂತು ಕೊರೆದ .303 ಡ್ರಿಲ್ ತೋಟಾವನ್ನು (ಕವಾಯತಿನ ಅಭ್ಯಾಸಕ್ಕೆ ಬಳಸುವ, ಹಾರದ ತೋಟಾ) ಅಳೆದರೆ, ಲೆಕ್ಕದಂತೆ 7.7 ಬರಬೇಕಾದಲ್ಲಿ 7.9 ಬಂತು. ಕ್ಯಾಲಿಪರ್ ಕೆಟ್ಟಿದೆಯೇ, ಅಥವಾ ನಳಿಗೆಯ ಮೇಲಿನ ಸಂಖ್ಯೆ ತಪ್ಪೇ? 7.62×51 ಎಂಬಂಥ ಹೆಸರುಗಳಲ್ಲಿ ಎರಡನೆಯ ಸಂಖ್ಯೆ ಏನು? ‘8 ಮಿ.ಮೀ.’ ಎಂದು ಬರೆದಿರುವ ಯಾವ ತೋಟಾವಾದರೂ ನಮ್ಮ ಕೋವಿಗೆ ಆಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡುತ್ತೇನೆ: ಇಲ್ಲ, ಖಂಡಿತ ಆಗುವುದಿಲ್ಲ. ಹಾಗೆಯೇ ನಿಮ್ಮ ಕ್ಯಾಲಿಪರ್ ಕೆಟ್ಟಿಲ್ಲ, ನಳಿಗೆಯ ಮೇಲಿನ ಸಂಖ್ಯೆಯೂ ತಪ್ಪಲ್ಲ. ನೀವು ಅಳೆದದ್ದು ಒಂದು ವ್ಯಾಸವನ್ನು, ನಳಿಗೆಯ ಮೇಲೆ ಕೊರೆದಿರುವುದು ಇನ್ನೊಂದು ವ್ಯಾಸದಿಂದ ಹುಟ್ಟಿದ ಹೆಸರನ್ನು. ಈ ಎರಡರ ನಡುವಿನ ಅಂತರ ತಿಳಿದರೆ ನಿಮ್ಮ ಗೊಂದಲದ ಮುಕ್ಕಾಲು ಪಾಲು ಕರಗುತ್ತದೆ. ಬರಹದಲ್ಲಿ ಬೆರಕೆಯಾಗದಿರಲೆಂದು, ತೋಟಾದ ಹೆಸರನ್ನು .303 ಎಂಬಂತೆ ಬರಿಯ ಚುಕ್ಕೆಯಿಂದಲೂ, ನಿಜವಾದ ಅಳತೆಯನ್ನು 0.303 ಇಂಚು ಎಂಬಂತೆ ಸೊನ್ನೆ ಸೇರಿಸಿಯೂ ಬರೆಯುತ್ತೇನೆ.

ಮಾತಿನಲ್ಲಿ ನಾವು ಎಲ್ಲವನ್ನೂ ‘ಗುಂಡು’ ಎಂದುಬಿಡುತ್ತೇವೆ. ಅಳತೆಯ ವಿಚಾರಕ್ಕೆ ಬಂದಾಗ ಅದು ಸಾಲದು. ಗುಂಡು ಎಂದರೆ ನಳಿಗೆಯಿಂದ ಹೊರಗೆ ಹೋಗುವ ಲೋಹದ ತುಂಡು ಮಾತ್ರ. ಆ ಗುಂಡು, ಅದನ್ನು ಬಾಯಲ್ಲಿ ಕಚ್ಚಿ ಹಿಡಿದಿರುವ ಹಿತ್ತಾಳೆಯ ಕೇಸು, ಒಳಗಿನ ಮದ್ದು ಮತ್ತು ಮದ್ದಿಗೆ ಕಿಡಿ ಹೊತ್ತಿಸುವ ಹಿಂಬದಿಯ ಕೇಪು ಇವೆಲ್ಲ ಸೇರಿದ್ದು ತೋಟಾ. ಗುಂಡಿನ ವ್ಯಾಸ ನಳಿಗೆಗೆ ಹೊಂದಬೇಕು. ಕೇಸಿನ ಆಕಾರ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗವಾದ ಚೇಂಬರಿಗೆ ಹೊಂದಬೇಕು. ಇವು ಎರಡು ಬೇರೆ ಬೇರೆ ಹೊಂದಾಣಿಕೆಗಳು, ಒಂದು ಸರಿಯಿದ್ದ ಮಾತ್ರಕ್ಕೆ ಇನ್ನೊಂದು ಸರಿಯಿರಬೇಕೆಂದಿಲ್ಲ.

ಈಗ ನಳಿಗೆಯ ಒಳಕ್ಕೆ ಬರೋಣ. ತೋಟಾ ಕೋವಿಯ, ಅಂದರೆ ನಮ್ಮ ಹನ್ನೆರಡು ಬೋರಿನ ಕೋವಿಯ ನಳಿಗೆಯ ಒಳಮೈ ನುಣುಪು. ರೈಫಲಿನದು ಹಾಗಲ್ಲ. ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ತೆಗೆದು, ಚೇಂಬರ್ ಖಾಲಿಯಿದೆಯೆಂದು ಎರಡು ಸಲ ನೋಡಿಕೊಂಡು, ಹಿಂದಿನಿಂದ ಬೆಳಕಿನ ಕಡೆಗೆ ಹಿಡಿದು ನೋಡಿದರೆ ಉಕ್ಕಿನ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ತೋಡುಗಳು ಕಾಣುತ್ತವೆ. ಉತ್ತ ಹೊಲದಲ್ಲಿ ಸಾಲು ಮತ್ತು ದಿಂಡು ಇರುವಂತೆ ಇಲ್ಲಿಯೂ ಕೊರೆದ ತೋಡು, ಎರಡು ತೋಡುಗಳ ನಡುವೆ ಉಳಿದ ದಿಂಡು ಇರುತ್ತವೆ. ತಯಾರಿಕೆಯಲ್ಲಿ ಮೊದಲು ನಳಿಗೆಗೆ ನುಣುಪಾದ ರಂಧ್ರ ಕೊರೆಯುತ್ತಾರೆ; ಆಮೇಲೆ ತೋಡು ತೆಗೆಯುತ್ತಾರೆ. ಹೀಗಾಗಿ ಒಂದೇ ನಳಿಗೆಗೆ ಎರಡು ವ್ಯಾಸಗಳು ಬರುತ್ತವೆ. ಎದುರುಬದುರು ದಿಂಡುಗಳ ನಡುವಿನ ಅಂತರ ಚಿಕ್ಕದು, ಅದೇ ಬೋರ್ ವ್ಯಾಸ. ತೋಡಿನ ತಳದಿಂದ ಎದುರಿನ ತೋಡಿನ ತಳಕ್ಕೆ ಇರುವ ಅಂತರ ದೊಡ್ಡದು.

.303 ರೈಫಲಿನಲ್ಲಿ ದಿಂಡುಗಳ ನಡುವೆ 0.303 ಇಂಚು, ಅಂದರೆ 7.7 ಮಿ.ಮೀ. ಇದೆ. ಪ್ರತಿ ತೋಡಿನ ಆಳ ಸುಮಾರು 0.005 ಇಂಚು. ಎರಡು ಬದಿಯ ತೋಡು ಸೇರಿದರೆ ದೊಡ್ಡ ವ್ಯಾಸ 0.313 ಇಂಚಿನ ಆಸುಪಾಸಿಗೆ ಬರುತ್ತದೆ. ಗುಂಡು ತೋಡುಗಳನ್ನು ತುಂಬಿಕೊಂಡು ಹೋಗಬೇಕು. ಇಲ್ಲದಿದ್ದರೆ ಮದ್ದಿನ ಹೊಗೆ ಪಕ್ಕದಿಂದ ನುಸುಳಿ ಹೋಗುತ್ತದೆ, ದಿಂಡು ಗುಂಡಿನ ಮೈಯನ್ನು ಗಟ್ಟಿಯಾಗಿ ಕಚ್ಚದೆ ಅದು ಸರಿಯಾಗಿ ಗಿರಕಿ ಹೊಡೆಯುವುದಿಲ್ಲ. ಆದ್ದರಿಂದ ಗುಂಡನ್ನು ದೊಡ್ಡ ವ್ಯಾಸಕ್ಕೆ ಹತ್ತಿರವಾಗಿ, 0.311 ಇಂಚಿಗೆ ಮಾಡುತ್ತಾರೆ. ಅದನ್ನು 25.4ರಿಂದ ಗುಣಿಸಿ ನೋಡಿ: 7.9 ಮಿ.ಮೀ. ನಿಮ್ಮ ಅಜ್ಜನ ಡ್ರಿಲ್ ತೋಟಾ ತೋರಿಸಿದ್ದು ಇದನ್ನೇ. ಹೆಸರು ಇಟ್ಟವರು ಚಿಕ್ಕ ವ್ಯಾಸವನ್ನು ಹಿಡಿದರು, ನೀವು ದೊಡ್ಡದರ ಜೊತೆಗಾರನನ್ನು ಅಳೆದಿರಿ. ವ್ಯತ್ಯಾಸ 0.2 ಮಿ.ಮೀ., ಸಾಮಾನ್ಯ ಝೆರಾಕ್ಸ್ ಕಾಗದದ ಎರಡು ಹಾಳೆಗಳ ದಪ್ಪ. ಪೀಣ್ಯದ ಲೇತ್ ಕೆಲಸಗಾರರ ಭಾಷೆಯಲ್ಲಿ ಹೇಳುವುದಾದರೆ ಎಂಟು ಥೌ, ಅಂದರೆ ಇಂಚಿನ ಸಾವಿರದ ಎಂಟು ಪಾಲು. ಕೇಳಲು ಅಲ್ಪ ಅನಿಸಿದರೂ ರೈಫಲಿನ ಒಳಗೆ ಮೂರು ಥೌ ಕೂಡ ದೊಡ್ಡ ಸಂಗತಿಯೇ.

ನಿಮ್ಮ .315ಕ್ಕೂ ಇದೇ ನ್ಯಾಯ. 0.315 ಇಂಚು ಎಂದರೆ ನಿಖರವಾಗಿ 8.0 ಮಿ.ಮೀ.; ಅದು ದಿಂಡುಗಳ ನಡುವಿನ ವ್ಯಾಸದಿಂದ ಬಂದ ಹೆಸರು. ಈ ತೋಟಾದ ಮೂಲ ಆಸ್ಟ್ರಿಯಾ-ಹಂಗೆರಿಯ ಸೇನೆ 19ನೆಯ ಶತಮಾನದ ಕೊನೆಯಲ್ಲಿ ಬಳಸುತ್ತಿದ್ದ 8×50 ಆರ್ ಮ್ಯಾನ್‌ಲಿಖರ್, ಅದರ ಗುಂಡು 8.2 ಮಿ.ಮೀ., ಅಂದರೆ 0.323 ಇಂಚು. ಹಿರಿಯರು ‘ಎಂಟು ಎಂಎಂ’ ಎನ್ನುವುದೂ, ನಳಿಗೆ .315 ಎನ್ನುವುದೂ ಒಂದೇ ಮಾತಿನ ಎರಡು ರೂಪ. ನಿಮ್ಮ ಅಳತೆ ಸರಿಯಾಗಿಯೇ ಇದೆ.

ಆಸ್ಟ್ರಿಯಾದ ತೋಟಾ ಕೊಡಗಿನ ಮನೆಗೆ ಹೇಗೆ ಬಂತು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಸಂಖ್ಯೆಗಳಿಗೆ ಕಾನೂನಿನ ಲೋಕದಲ್ಲಿಯೂ ಎಷ್ಟು ತೂಕವಿದೆ ಎಂಬುದು ಇದರಿಂದ ತಿಳಿಯುತ್ತದೆ. .303 ಬ್ರಿಟಿಷ್ ಸೇನೆಯ ತೋಟಾ. ಸೇನೆಯ ತೋಟಾ ಜನರ ಕೈಗೆ, ಅವರಿಂದ ದಂಗೆಕೋರರ ಕೈಗೆ ಹೋಗಬಾರದು ಎಂಬುದು ವಸಾಹತು ಸರ್ಕಾರದ ಎಚ್ಚರಿಕೆಯಾಗಿತ್ತು. ಇದೇ ಕಾರಣಕ್ಕೆ 1907ರಲ್ಲಿ .450 ಬೋರನ್ನು ಭಾರತ ಮತ್ತು ಸುಡಾನಿನಲ್ಲಿ ನಿರ್ಬಂಧಿಸಿದರು. ಬ್ರಿಟಿಷ್ ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳಿಗೆ ಅದು ಒದಗೀತು ಎಂಬ ಭಯ. ಆನೆ, ಕಾಟಿಗಳ ಬೇಟೆಗೆ .450ನ್ನು ಮಾರುತ್ತಿದ್ದ ಇಂಗ್ಲೆಂಡಿನ ಕೋವಿ ತಯಾರಕರು ಸುಮ್ಮನಿರಲಿಲ್ಲ; .465, .470, .475 ಎಂದು ತುಸು ದೊಡ್ಡ ವ್ಯಾಸದ ತೋಟಾಗಳನ್ನು ಮುಂದಕ್ಕೆ ತಂದರು. ಚಿಕ್ಕ ಬೋರಿನ ಕಡೆಯಲ್ಲಿ .303ರ ಬದಲಿಗೆ ನಾಗರಿಕರಿಗೆಂದು .315 ಬಂತು. ಸ್ವಾತಂತ್ರ್ಯದ ನಂತರವೂ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆ .315 ಸ್ಪೋರ್ಟಿಂಗ್ ರೈಫಲನ್ನು ಮಾಡುತ್ತಲೇ ಬಂದಿತು. ಅದರ ಬೋಲ್ಟ್, ಬಾಡಿ ಎಲ್ಲವೂ ಬ್ರಿಟಿಷ್ ಸೇನೆಯ .303 ರೈಫಲಾದ ಲೀ-ಎನ್‌ಫೀಲ್ಡ್ ಮಾದರಿಯವೇ ಆದುದರಿಂದ ದೂರದಿಂದ ನೋಡಿದವರಿಗೆ ಅದು ಪೊಲೀಸರ ಹಳೆಯ ತ್ರೀ ನಾಟ್ ತ್ರೀಯಂತೆಯೇ ಕಾಣುತ್ತದೆ. ಇಂದಿಗೂ .303 ಮತ್ತು ಸೇನೆಯ 7.62 ಮಿ.ಮೀ. ನಿಷೇಧಿತ ಬೋರ್‌ಗಳ ಪಟ್ಟಿಯಲ್ಲಿವೆ, .315 ಇಲ್ಲ. ಎರಡು ಸಂಖ್ಯೆಗಳ ನಡುವೆ ಕಾಗದದ ಮೇಲೆ ಹನ್ನೆರಡು ಥೌ ಅಂತರ, ಲೈಸೆನ್ಸಿನ ಮೇಲೆ ಅಜಗಜಾಂತರ.

ಎರಡನೆಯ ಸಂಖ್ಯೆಯ ವಿಚಾರ. 7.62×51 ಎಂಬಲ್ಲಿ ಮೊದಲಿನದು ವ್ಯಾಸದ ಹೆಸರು. ಗುಣಾಕಾರದ ಗುರುತಿನ ಆಚೆಯದು ಖಾಲಿ ಕೇಸಿನ ಉದ್ದ, ಮಿಲಿಮೀಟರಿನಲ್ಲಿ. ಗುಂಡು ಸೇರಿದ ಇಡೀ ತೋಟಾದ ಉದ್ದ ಎಂದು ಅನೇಕರು ತಿಳಿಯುತ್ತಾರೆ, ಅದು ತಪ್ಪು. ಸಂಖ್ಯೆಯ ನಂತರ ‘ಆರ್’ ಎಂಬ ಅಕ್ಷರವಿದ್ದರೆ ಕೇಸಿನ ಬುಡದಲ್ಲಿ ಹೊರಚಾಚಿದ ಅಂಚು ಇದೆ ಎಂದರ್ಥ. ನಿಮ್ಮ .315ಕ್ಕೂ .303ಕ್ಕೂ ಇಂಥ ಅಂಚಿದೆ. ತೋಟಾ ಚೇಂಬರಿನಲ್ಲಿ ಎಷ್ಟು ಒಳಕ್ಕೆ ಹೋಗಬೇಕೆಂಬುದನ್ನು ಆ ಅಂಚೇ ತಡೆದು ನಿರ್ಧರಿಸುತ್ತದೆ. ಅಂಚಿಲ್ಲದ, ಕಿರಿದಾದ ಕತ್ತಿನ ತೋಟಾಗಳಲ್ಲಿ ಆ ಕೆಲಸವನ್ನು ಕೇಸಿನ ಭುಜ, ಅಂದರೆ ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು ಮಾಡುತ್ತದೆ.

7.62 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ನೀವು ಯೋಚಿಸಿರಬಹುದು. ಮೀಟರ್ ಪದ್ಧತಿಯಲ್ಲಿ ಹುಟ್ಟಿದ್ದರೆ ಏಳೂವರೆಯೋ ಎಂಟೋ ಇರುತ್ತಿತ್ತು. ಇದು ಮಿಲಿಮೀಟರಿನ ವೇಷ ತೊಟ್ಟ ಇಂಚು. ಅಮೆರಿಕದಲ್ಲಿ 0.300 ಇಂಚಿನ ಬೋರ್ ಇತ್ತು, ಅದನ್ನು 25.4ರಿಂದ ಗುಣಿಸಿದರೆ 7.62. ರಷ್ಯದಲ್ಲಿಯೂ ಹಳೆಯ ಕಾಲದಲ್ಲಿ ಇಂಚಿನ ಹತ್ತನೆಯ ಒಂದು ಪಾಲಿಗೆ ‘ಲೈನ್’ ಎಂಬ ಮಾನವಿತ್ತು. 1891ರ ಮೋಸಿನ್ ರೈಫಲನ್ನು ‘ಮೂರು ಲೈನಿನ ರೈಫಲ್’ ಎಂದೇ ಕರೆದರು. ಮೂರು ಲೈನ್ ಎಂದರೆ 0.3 ಇಂಚು, ಮತ್ತೆ 7.62. ಹೀಗೆ ಎರಡು ದೇಶಗಳು ಬೇರೆ ಬೇರೆ ದಾರಿಯಿಂದ ಒಂದೇ ಸಂಖ್ಯೆಗೆ ಬಂದು ನಿಂತವು, ಆದರೆ ತೋಡಿನ ಆಳದಲ್ಲಿ ಬೇರೆಯಾದವು. ನ್ಯಾಟೋದ 7.62×51ರ ಗುಂಡು 0.308 ಇಂಚು, 7.82 ಮಿ.ಮೀ.; ಕಲಾಶ್ನಿಕೋವಿನ 7.62×39 ಮತ್ತು ಮೋಸಿನ್‌ನ 7.62×54 ಆರ್‌ನ ಗುಂಡು 0.311 ಇಂಚಿನ ಆಸುಪಾಸು, 7.9 ಮಿ.ಮೀ. ಮೂರಕ್ಕೂ ಹೆಸರಿನಲ್ಲಿ 7.62 ಇದ್ದರೂ ಯಾವ ಒಂದೂ ಇನ್ನೊಂದರ ಬದಲಿಗೆ ಬಾರದು. ನಮ್ಮ ಸೇನೆಯೇ ಈ ಎರಡು ಕುಟುಂಬಗಳನ್ನೂ ಬಳಸುತ್ತದೆ. ಹಳೆಯ ಎಸ್‌ಎಲ್‌ಆರ್ ರೈಫಲಿನದು 51ರ ಕೇಸು, ಅಮೇಠಿಯ ಕೊರ್ವಾದಲ್ಲಿ ತಯಾರಾಗುವ ಎಕೆ-203ರದು 39ರದು. ಪತ್ರಿಕೆಗಳಲ್ಲಿ ಎರಡನ್ನೂ ‘7.62 ಎಂಎಂ ರೈಫಲ್’ ಎಂದಷ್ಟೇ ಬರೆದಾಗ ನನಗೆ ಕಸಿವಿಸಿಯಾಗುತ್ತದೆ.

ಹೆಸರಿನ ಸಂಖ್ಯೆಯನ್ನು ಅಳತೆಯೆಂದು ನಂಬಬಾರದೆಂಬುದಕ್ಕೆ ಅಮೆರಿಕದ ಚಿಕ್ಕ ಬೋರಿನ ತೋಟಾಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. .218 ಬೀ, .219 ಜಿಪ್ಪರ್, .220 ಸ್ವಿಫ್ಟ್, .221 ಫೈರ್‌ಬಾಲ್, .222 ರೆಮಿಂಗ್ಟನ್, .223 ರೆಮಿಂಗ್ಟನ್, .224 ವೆದರ್ಬಿ, .225 ವಿಂಚೆಸ್ಟರ್ ಎಂದು ಎಂಟು ತೋಟಾಗಳಿವೆ. ಸಂಖ್ಯೆಗಳು ಒಂದೊಂದೇ ಥೌ ಏರುತ್ತಾ ಹೋಗುತ್ತವೆ, ಆದರೆ ಎಂಟರ ಗುಂಡಿನ ವ್ಯಾಸವೂ ಒಂದೇ, 0.224 ಇಂಚು. ಕೇಸುಗಳು ಮಾತ್ರ ಒಂದರಂತೆ ಇನ್ನೊಂದಿಲ್ಲ. ನಮ್ಮ ಇನ್ಸಾಸ್ ರೈಫಲಿನ 5.56×45ರ ಗುಂಡೂ ಇದೇ 0.224 ಇಂಚಿನದು, 5.56 ಎಂಬುದು ಮತ್ತೆ ದಿಂಡುಗಳ ನಡುವಿನ ವ್ಯಾಸ. .223 ರೆಮಿಂಗ್ಟನ್ ಮತ್ತು 5.56×45 ಹೊರನೋಟಕ್ಕೆ ಅವಳಿಗಳು. ಆದರೂ 5.56ರ ಚೇಂಬರಿನ ಮುಂದೆ, ತೋಡು ಶುರುವಾಗುವ ಮೊದಲು ಗುಂಡಿಗೆ ಇರುವ ಖಾಲಿ ಜಾಗ ತುಸು ಹೆಚ್ಚು. ಆ ಜಾಗ ಕಡಿಮೆಯಿರುವ .223ರ ರೈಫಲಿನಲ್ಲಿ ಸೇನೆಯ 5.56 ಹಾರಿಸಿದರೆ ಒತ್ತಡ ಮಿತಿ ಮೀರಬಹುದು.

ಬೇಟೆಯ ಕಥೆಗಳನ್ನು ಓದಿದವರಿಗೆ ಹತ್ತಿರದ ಉದಾಹರಣೆಯೂ ಇದೆ. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ ಅವರಿಗೆ ಉಡುಗೊರೆಯಾಗಿ ಬಂದದ್ದು .275 ರಿಗ್ಬಿ ರೈಫಲ್. ಅದರ ತೋಟಾ ಜರ್ಮನಿಯ 7×57 ಮೌಸರ್‌ನದೇ, 7 ಮಿ.ಮೀ.ಯನ್ನು ಇಂಚಿಗೆ ತಿರುಗಿಸಿ .275 ಎಂದು ಇಂಗ್ಲಿಷ್ ಹೆಸರಿಟ್ಟರು. ಗುಂಡು ಮಾತ್ರ 0.284 ಇಂಚು, 7.2 ಮಿ.ಮೀ. ಇದರ ಪಕ್ಕದಲ್ಲಿ 1925ರ ಅಮೆರಿಕದ .270 ವಿಂಚೆಸ್ಟರನ್ನು ಇಡಿ: ಅದರ ಗುಂಡು 0.277 ಇಂಚು. ಅಂದರೆ .270ರ ಗುಂಡು .275 ಎಂಬ ಹೆಸರಿಗಿಂತ ದೊಡ್ಡದು, .275ರ ಗುಂಡಿಗಿಂತ ಚಿಕ್ಕದು. ಬೆಂಗಳೂರಿನ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್ ಅವರ ಕೈಯಲ್ಲಿದ್ದ .405 ವಿಂಚೆಸ್ಟರಿನ ಗುಂಡೂ 0.411 ಇಂಚಿನದು. ಎಲ್ಲವೂ ಹೀಗೆಯೇ ಎಂದು ತೀರ್ಮಾನಿಸಬೇಡಿ; .375 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್‌ನ ಗುಂಡು ನಿಜವಾಗಿಯೂ 0.375 ಇಂಚು, 9.3×62ರದು ನಿಜವಾಗಿಯೂ 9.3 ಮಿ.ಮೀ., .243 ವಿಂಚೆಸ್ಟರಿನದು 0.243 ಇಂಚು. ಕೆಲವರು ಬೋರ್ ವ್ಯಾಸದಿಂದ ಹೆಸರಿಟ್ಟರು, ಕೆಲವರು ಗುಂಡಿನ ವ್ಯಾಸದಿಂದ, ಇನ್ನು ಕೆಲವರು ಮಾರಾಟಕ್ಕೆ ಚೆಂದ ಕೇಳುವ ಸಂಖ್ಯೆಯಿಂದ. ಒಂದು ಸೂತ್ರ ಹಿಡಿದು ಎಲ್ಲವನ್ನೂ ಬಿಡಿಸಲಾಗದು.

ಅಮೆರಿಕದ ಕೆಲವು ಹೆಸರುಗಳಲ್ಲಿ ಎರಡನೆಯ ಸಂಖ್ಯೆ ಉದ್ದವೂ ಅಲ್ಲ. .30-06ರಲ್ಲಿ 06 ಎಂದರೆ 1906ನೆಯ ಇಸವಿ. .45-70ರಲ್ಲಿ 70 ಎಂದರೆ ಕಪ್ಪು ಮದ್ದಿನ ತೂಕ, ಗ್ರೇನ್ ಮಾನದಲ್ಲಿ. ಗ್ರೇನ್ ಎಂದರೆ ಗ್ರಾಂ ಅಲ್ಲ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರೇನ್ ಸುಮಾರು 0.065 ಗ್ರಾಂ. ಪೆಟ್ಟಿಗೆಯ ಮೇಲೆ ಗುಂಡಿನ ತೂಕ 174 ಎಂದು ಕಂಡರೆ ಅದು 11.3 ಗ್ರಾಂ ಎಂದು ಓದಿಕೊಳ್ಳಿ. ಹನ್ನೆರಡು ಬೋರ್ ಎಂಬಲ್ಲಿಯ ಹನ್ನೆರಡಂತೂ ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಯ ಒಳವ್ಯಾಸದ ಸೀಸದ ಉಂಡೆಗಳು ಪೌಂಡಿಗೆ ಹನ್ನೆರಡು ತೂಗುತ್ತವೆ ಎಂದರ್ಥ, ಆದ್ದರಿಂದಲೇ ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಚಿಕ್ಕದಾಗುತ್ತದೆ. ಹನ್ನೆರಡರದು 18.5 ಮಿ.ಮೀ., ಇಪ್ಪತ್ತರದು 15.6 ಮಿ.ಮೀ.

ಇಪ್ಪತ್ತು ಬೋರಿನ ಮಾತು ಬಂದುದರಿಂದ ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಕಾಫಿ ತೋಟದ ಮನೆಯಲ್ಲಿ ಜೋಡಿ ನಳಿಗೆಯ ಹನ್ನೆರಡು ಬೋರ್ ಕೋವಿಯನ್ನು ನನ್ನ ಕೈಗೆ ಕೊಟ್ಟು, ಬಲ ನಳಿಗೆ ಹಾರಲಿಲ್ಲ, ಮತ್ತೊಂದು ತೋಟಾ ಹಾಕಿ ನೋಡುತ್ತೇವೆ ಎಂದರು. ಕೋವಿಯನ್ನು ಮಡಿಸಿ ನೋಡಿದರೆ ಚೇಂಬರ್ ಖಾಲಿ. ಆಕಾಶದ ಕಡೆಗೆ ಹಿಡಿದು ಇಣುಕಿದೆ. ಎಡ ನಳಿಗೆಯ ತುದಿಯಲ್ಲಿ ಬೆಳಕಿನ ದುಂಡು ಬಿಲ್ಲೆ ಕಂಡಿತು, ಬಲ ನಳಿಗೆ ಕಪ್ಪಾಗಿತ್ತು. ಯಾರೋ ಗಡಿಬಿಡಿಯಲ್ಲಿ ಇಪ್ಪತ್ತು ಬೋರಿನ ಹಳದಿ ತೋಟಾವನ್ನು ಹಾಕಿದ್ದರು. ಅದು ಚೇಂಬರನ್ನು ದಾಟಿ ಒಳಕ್ಕೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಹನ್ನೆರಡರ ತೋಟಾ ಹಾಕಿ ಕುದುರೆ ಎಳೆದಿದ್ದರೆ ಹಿಡಿದವನ ಎಡಗೈ ಉಳಿಯುತ್ತಿರಲಿಲ್ಲ. ಇಪ್ಪತ್ತು ಬೋರಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದಿರುವುದೇ ಇದನ್ನು ತಪ್ಪಿಸಲು. ಅಂದಿನಿಂದ ‘ಒಳಗೆ ಹೋಯಿತು, ಹಾಗಾದರೆ ಸರಿ’ ಎಂಬ ಮಾತನ್ನು ಯಾರಾದರೂ ಆಡಿದರೆ ನಾನು ಎಲ್ಲ ಕೆಲಸ ಬಿಟ್ಟು ಅವರನ್ನು ಕೂರಿಸಿ ಇದನ್ನು ವಿವರಿಸುತ್ತೇನೆ.

ಈಗ ನಿಮ್ಮ ‘8 ಮಿ.ಮೀ.’ಗೆ ಮರಳೋಣ. ಎಂಟು ಎಂಬ ಹೆಸರಿನ ಕುಟುಂಬ ದೊಡ್ಡದು, ಅದರಲ್ಲಿ ಹೊಂದಾಣಿಕೆ ಕಡಿಮೆ. ಜರ್ಮನಿಯ 8×57 ಮೌಸರ್ ಒಂದರಲ್ಲಿಯೇ ಎರಡು ಬಗೆಗಳಿವೆ: 1888ರ ಮೂಲ ರೂಪದ ಗುಂಡು 0.318 ಇಂಚು, 20ನೆಯ ಶತಮಾನದ ಆರಂಭದಲ್ಲಿ ಬಂದ ‘ಎಸ್’ ರೂಪದ್ದು 0.323 ಇಂಚು. ಕೇಸು ಎರಡಕ್ಕೂ ಒಂದೇ ಆದುದರಿಂದ ದೊಡ್ಡ ಗುಂಡಿನ ತೋಟಾ ಹಳೆಯ ಚಿಕ್ಕ ನಳಿಗೆಯ ರೈಫಲಿನೊಳಗೂ ಕೂರಬಹುದು, ಅಪಾಯವಿರುವುದು ಅಲ್ಲಿಯೇ. ಆಸ್ಟ್ರಿಯಾದವರೇ 1930ರ ದಶಕದಲ್ಲಿ 8×56 ಆರ್ ಎಂಬ ಹೊಸ ತೋಟಾ ತಂದರು, ಗುಂಡು 0.329 ಇಂಚು. ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಫ್ರಾನ್ಸಿನ 1886ರ ಲೆಬೆಲ್. ಅದರ ಪೂರ್ಣ ಮೆಟ್ರಿಕ್ ಹೆಸರು 8×50 ಆರ್. ನಿಮ್ಮ ತೋಟಾದ ಮೂಲವಾದ ಮ್ಯಾನ್‌ಲಿಖರ್‌ನ ಹೆಸರೂ 8×50 ಆರ್. ವ್ಯಾಸದ ಹೆಸರು ಒಂದೇ, ಉದ್ದ ಒಂದೇ, ಅಂಚಿನ ಗುರುತೂ ಒಂದೇ. ಆದರೆ ಲೆಬೆಲ್ ಕೇಸಿನ ಬುಡ ಬಹಳ ದಪ್ಪ, ಅದರ ಅಂಚು ಸುಮಾರು 16 ಮಿ.ಮೀ. ಅಗಲ, ಮ್ಯಾನ್‌ಲಿಖರ್‌ನದು ಸುಮಾರು 14. ಎರಡು ಸಂಖ್ಯೆಗಳೂ ತೋಟಾವನ್ನು ಪೂರ್ತಿಯಾಗಿ ಹೇಳಲಾರವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಂಖ್ಯೆಯ ಹಿಂದಿರುವ ರಿಗ್ಬಿ, ಮೌಸರ್, ವಿಂಚೆಸ್ಟರ್ ಎಂಬ ಪದ ಅಲಂಕಾರಕ್ಕಿರುವುದಲ್ಲ, ಅದು ಹೆಸರಿನ ಅರ್ಧ ಭಾಗ. ಯುರೋಪಿನ ಸಿ.ಐ.ಪಿ., ಅಮೆರಿಕದ ಸಾಮಿ ಎಂಬ ಮಾನಕ ಸಂಸ್ಥೆಗಳು ಒಂದೊಂದು ತೋಟಾಕ್ಕೂ ಬುಡ, ಭುಜ, ಕತ್ತು, ಅಂಚಿನ ಅಳತೆಗಳನ್ನು ನಕ್ಷೆ ಸಹಿತ ನಿಗದಿ ಮಾಡಿರುವುದು ಇದಕ್ಕಾಗಿಯೇ. ಮೊದಲನೆಯದು ಮಿಲಿಮೀಟರಿನಲ್ಲಿ ಬರೆಯುತ್ತದೆ, ಎರಡನೆಯದು ಇಂಚಿನಲ್ಲಿ.

ಮನೆಯಲ್ಲಿ ಅಳೆಯುವಾಗ ಒಂದೆರಡು ಎಚ್ಚರಿಕೆ. ಕೇಸಿನಿಂದ ಗುಂಡನ್ನು ಎಳೆದು ತೆಗೆಯಬೇಡಿ. ಕೇಸಿನ ಬಾಯಿಗೆ ತಾಗಿಕೊಂಡು ಹೊರಗೆ ಕಾಣುವಲ್ಲಿ ಅಳೆದರೆ ಸಾಕು; ಅದರ ಮುಂದೆ ಗುಂಡು ಕಿರಿದಾಗುವುದರಿಂದ ಕಡಿಮೆ ಅಂಕಿ ಬರುತ್ತದೆ. ನಳಿಗೆಯ ತುದಿಯಲ್ಲಿ ಕ್ಯಾಲಿಪರ್ ತೂರಿಸಿ ವ್ಯಾಸ ತಿಳಿಯುವ ಪ್ರಯತ್ನವೂ ಬೇಡ. ತುದಿ ಸವೆದಿರಬಹುದು, ಮೇಲಾಗಿ ಲೀ-ಎನ್‌ಫೀಲ್ಡ್ ನಳಿಗೆಗಳಲ್ಲಿ ಸಾಮಾನ್ಯವಾಗಿ ಐದು ತೋಡುಗಳಿರುತ್ತವೆ. ಬೆಸ ಸಂಖ್ಯೆಯಾದುದರಿಂದ ಒಂದು ತೋಡಿನ ನೇರ ಎದುರಿಗೆ ಇನ್ನೊಂದು ತೋಡಲ್ಲ, ದಿಂಡು ಬರುತ್ತದೆ, ಕ್ಯಾಲಿಪರ್ ಎರಡು ವ್ಯಾಸಗಳಲ್ಲಿ ಯಾವುದನ್ನೂ ತೋರಿಸುವುದಿಲ್ಲ. ಗಟ್ಟಿ ಅಂಚುಗಳಿಂದ ನಳಿಗೆಯ ತುದಿಯನ್ನು ಗೀರಿದರೆ ಗುರಿಯೂ ಕೆಡುತ್ತದೆ.

ನಿಮ್ಮ ರೈಫಲಿಗೆ .315 ಎಂದೇ, ಅಥವಾ 8 ಮಿ.ಮೀ. ಮತ್ತು .315 ಎರಡನ್ನೂ ಮುದ್ರಿಸಿದ ಪೆಟ್ಟಿಗೆಯ ತೋಟಾವನ್ನೇ ತೆಗೆದುಕೊಳ್ಳಿ. ಪೆಟ್ಟಿಗೆಯ ಬರಹ, ಕೇಸಿನ ಬುಡದಲ್ಲಿ ಒತ್ತಿದ ಅಕ್ಷರ ಮತ್ತು ನಳಿಗೆಯ ಮೇಲಿನ ಗುರುತು ಮೂರೂ ಒಂದನ್ನೇ ಹೇಳಬೇಕು. ಡ್ರಿಲ್ ತೋಟಾವನ್ನು ಜೀವಂತ ತೋಟಾಗಳ ಡಬ್ಬಿಯಲ್ಲಿ ಇಡಬೇಡಿ, ಬೇರೆ ಕಡೆ ಇಡಿ. ಆ ಹಳೆಯ ಡಬ್ಬಿಯಲ್ಲಿ ಪೆಟ್ಟಿಗೆಯಿಲ್ಲದ, ಬುಡದ ಅಕ್ಷರ ಸವೆದ, ಇಲ್ಲವೇ ಹಿತ್ತಾಳೆ ಹಸಿರುಗಟ್ಟಿದ ತೋಟಾ ಒಂದೇ ಒಂದು ಕಂಡರೂ ಅದನ್ನು ಕೋವಿಗೆ ಹಾಕಿ ಪರೀಕ್ಷಿಸದೆ, ಪ್ರತ್ಯೇಕವಾಗಿ ಇಟ್ಟು, ಪರವಾನಗಿ ಪಡೆದ ಆಯುಧ ವ್ಯಾಪಾರಿಗೆ ತಿಳಿಸಿ. ಅವರಿಗೂ ಗುರುತು ಸಿಗದಿದ್ದರೆ ಠಾಣೆಗೆ ಮಾಹಿತಿ ಕೊಟ್ಟು ಒಪ್ಪಿಸಿಬಿಡಿ.